ಹೊಸ ಎಂಜಿನಿನ ನಡುಕ

ಅಮೆರಿಕದ ಹಳ್ಳಿಗಾಡಿನಲ್ಲಿ 1950ರ ದಶಕದ ಷೆವ್ರೊಲೆ ಟ್ರಕ್ಕುಗಳು ಇಂದಿಗೂ ಅಲ್ಲಲ್ಲಿ ಓಡುತ್ತಿವೆ. ಅವುಗಳ ಆರು ಸಿಲಿಂಡರಿನ ಎಂಜಿನು ಸವೆದಾಗ, ಅದೇ ಸಂಸ್ಥೆಯು 1967ರಲ್ಲಿ ಹೊರತಂದ 350 ಘನ ಅಂಗುಲದ ಎಂಟು ಸಿಲಿಂಡರಿನ ಎಂಜಿನನ್ನು ಕೂಡಿಸುವವರು ಬಹಳ. ಉಳಿತಾಯವನ್ನೆಲ್ಲ ಅದಕ್ಕೆ ಸುರಿದ ಯಜಮಾನನು ಕೀಲಿ ತಿರುಗಿಸುತ್ತಾನೆ. ವೇಗ ಕೊಟ್ಟರೆ ನುಣುಪಾದ ನಾದ. ಕಾಲು ತೆಗೆದೊಡನೆ ಚಳಿಜ್ವರದ ನಡುಕ! ಹಣವೆಲ್ಲ ಮಣ್ಣುಪಾಲಾಯಿತೇ?

ಅವಸರ ಬೇಡ. ನಡುಕವು ನಿಂತಲ್ಲಿ ಮಾತ್ರವಿದ್ದರೆ ಮೊದಲ ಸಂಶಯ ಕಳ್ಳಗಾಳಿಯ ಮೇಲೆ. ಥ್ರಾಟಲು ಮುಚ್ಚಿರುವಾಗ ಎಂಜಿನು ಸೇದುವ ಗಾಳಿ ಅತ್ಯಲ್ಪ. ಮ್ಯಾನಿಫೋಲ್ಡಿನ ಸಂದಿಯಿಂದಲೋ, ಮುಚ್ಚಲು ಮರೆತ ರಬ್ಬರು ಕೊಳವೆಯಿಂದಲೋ ನುಸುಳಿದಷ್ಟೇ ಗಾಳಿಯು ಪೆಟ್ರೋಲಿನ ಮಿಶ್ರಣವನ್ನು ಕೆಡಿಸಲು ಸಾಕು. ವೇಗದಲ್ಲಿ ಅದೇ ಸೋರಿಕೆ ಲೆಕ್ಕಕ್ಕಿಲ್ಲ. ಸಂದಿಯುದ್ದಕ್ಕೂ ಎಂಜಿನಿನ ಎಣ್ಣೆಯನ್ನು ತೊಟ್ಟಿಕ್ಕಿಸಿರಿ. ನಡುಕ ಕ್ಷಣಕಾಲ ತಗ್ಗಿತೋ, ಕಳ್ಳನು ಸಿಕ್ಕಿದನು. (ಪಂದ್ಯದ ಕ್ಯಾಮ್‌ಷಾಫ್ಟು ಹಾಕಿಸಿದವನ ಮಾತು ಬೇರೆ, ಆ ನಡುಕವನ್ನು ಅವನು ದುಡ್ಡು ಕೊಟ್ಟೇ ತಂದಿದ್ದಾನೆ.)

ವೇಗದಲ್ಲಿಯೂ ತಡವರಿಸಿದರೆ ಕಿಡಿಯ ತಂತಿಗಳನ್ನು ನೋಡಬೇಕು. ಹಳೆಯ ಎಂಜಿನಿನ ಕ್ರಮ 1-5-3-6-2-4, ಹೊಸದರದು 1-8-4-3-6-5-7-2. ಇದರಲ್ಲಿ 5 ಮತ್ತು 7 ನೆರೆಹೊರೆಯವು, ಒಂದರ ಬೆನ್ನಿಗೆ ಇನ್ನೊಂದು ಉರಿಯುವಂಥವು. ಆ ಎರಡು ತಂತಿ ಅದಲುಬದಲಾದರೆ ಎರಡು ಸಿಲಿಂಡರುಗಳು ಕೆಲಸ ಬಿಡುತ್ತವೆ. ಎಂಜಿನನ್ನು ಬಿಚ್ಚುವ ಮಾತು ಇವೆರಡನ್ನೂ ನೋಡಿದ ಅನಂತರ.