ರಾಗವೂ ವೀತರಾಗನೂ

ಮಕ್ಕಳ ಓದು ಮುಗಿದು ಮನೆಯ ಸಾಲ ತೀರುವ ಹೊತ್ತಿಗೆ ಅನೇಕ ಗೃಹಸ್ಥರಿಗೆ ಬಾಲ್ಯದಲ್ಲಿ ಕೈತಪ್ಪಿದ ಸಂಗೀತ ನೆನಪಾಗುತ್ತದೆ. ಐವತ್ತು ದಾಟಿದವರು ಹಾರ್ಮೋನಿಯಂ ಕೊಂಡು ತರುತ್ತಾರೆ. ಗೃಹಿಣಿಯರು ಸರಳೆ ವರಸೆಯಿಂದ ಪಾಠ ಆರಂಭಿಸುತ್ತಾರೆ. ಆ ವಯಸ್ಸಿನಲ್ಲಿ ಶ್ರುತಿ ಸೇರಿಸಲು ಹೆಣಗುವುದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಆದರೆ ಜೈನ ಶ್ರಾವಕನಿಗೆ ಒಂದು ಪ್ರಶ್ನೆ ಬಾರದಿರದು. ಬಸದಿಯಲ್ಲಿ ಪೂಜಿಸುವುದು ವೀತರಾಗನನ್ನು, ಮನೆಯಲ್ಲಿ ಸಾಧಿಸುವುದು ರಾಗವನ್ನು. ವ್ರತಗಳನ್ನು ಬಿಗಿಗೊಳಿಸಬೇಕಾದ ವಯಸ್ಸಿನಲ್ಲಿ ಕಿವಿಯ ಭೋಗವೊಂದನ್ನು ಹೊಸದಾಗಿ ಕಟ್ಟಿಕೊಳ್ಳುವುದು ಸರಿಯೇ?

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಆದಿನಾಥನು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದಂತೆ ಮಗ ವೃಷಭಸೇನನಿಗೆ ಗಂಧರ್ವಶಾಸ್ತ್ರವನ್ನು ಬೋಧಿಸುತ್ತಾನೆ. ಸಂಗೀತ ಕಲಿತ ಆ ಮಗನೇ ಮುಂದೆ ಪ್ರಥಮ ಗಣಧರನಾದನು. ಅದೇ ಪುರಾಣದಲ್ಲಿ ನೀಲಾಂಜನೆಯ ಪ್ರಸಂಗವೂ ಇದೆ. ಪಂಪನು 941ರಲ್ಲಿ ಅದನ್ನು ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿದನು. ನರ್ತಿಸುತ್ತಿದ್ದಂತೆಯೇ ಅವಳ ಆಯುಷ್ಯ ತೀರಿತು. ರಸಭಂಗವಾಗದಿರಲೆಂದು ಇಂದ್ರನು ಅವಳಂತೆಯೇ ಇರುವ ಇನ್ನೊಬ್ಬಳನ್ನು ಕ್ಷಣಾರ್ಧದಲ್ಲಿ ನಿಲ್ಲಿಸಿದನು. ಸಭೆಗೆ ಅದು ತಿಳಿಯಲೇ ಇಲ್ಲ, ತಿಳಿದವನು ಆದಿದೇವನೊಬ್ಬನೇ. ಅವನು ಕಣ್ಣು ಮುಚ್ಚಿಕೊಂಡಿರಲಿಲ್ಲ ಎಂಬುದನ್ನು ಗಮನಿಸಬೇಕು. ಉಳಿದವರಿಗಿಂತ ಚೆನ್ನಾಗಿ ನೋಡುತ್ತಿದ್ದುದರಿಂದಲೇ ಅವನಿಗೆ ವೈರಾಗ್ಯ ಮೂಡಿತು.

ಶ್ರಾವಕನ ನಿತ್ಯದ ಬದುಕಿಗೆ ಹೆಚ್ಚು ಹತ್ತಿರವಾದ ಮಾತು ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರದಲ್ಲಿದೆ. ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ ಅವರು ಮಿತಿ ಹಾಕಿಕೊಳ್ಳಬೇಕಾದವುಗಳನ್ನು ಪಟ್ಟಿ ಮಾಡುತ್ತಾರೆ. ಭೋಜನ, ವಾಹನ, ಶಯನ, ಸ್ನಾನ, ತಾಂಬೂಲ, ವಸ್ತ್ರ, ಆಭರಣಗಳ ಸಾಲಿನಲ್ಲಿ ಸಂಗೀತವೂ ಇದೆ, ಗೀತವೂ ಇದೆ. ಅನ್ನ ಬಟ್ಟೆಗಳ ಜೊತೆಗೆ ಹಾಡು ಸೇರಿದೆಯೆಂದರೆ ಗೃಹಸ್ಥನ ಮನೆಯಲ್ಲಿ ಅದು ಇರುತ್ತದೆಂದು ಆಚಾರ್ಯರು ಒಪ್ಪಿದ್ದಾರೆಂದೇ ಅರ್ಥ. ಅವರು ಕೇಳುವುದು ಅಳತೆಯನ್ನು. ಇಂದು ಇಷ್ಟು, ಈ ಪಕ್ಷದಲ್ಲಿ ಇಷ್ಟು, ಈ ಮಾಸದಲ್ಲಿ ಇಷ್ಟು ಎಂದು ಕಾಲವನ್ನು ಗೊತ್ತುಮಾಡಿಕೊಳ್ಳುವುದು ನಿಯಮ; ಜೀವನಪರ್ಯಂತ ಬಿಡುವುದು ಯಮ. ಹಾಡಿದ ಸ್ವರ ಮತ್ತೆ ದೊರೆಯದು, ಆದುದರಿಂದ ಅದು ಭೋಗ. ಮರುದಿನವೂ ಬಳಸುವ ತಂಬೂರಿ ಉಪಭೋಗ. ಒಂದು ಹಾರ್ಮೋನಿಯಂ ಸಾಲದೆಂದು ಎರಡನೆಯದನ್ನು, ಮೂರನೆಯದನ್ನು ಕೊಳ್ಳುವವನು ಹಾಡುವುದಕ್ಕಿಂತ ಕೂಡಿಡುವುದರಲ್ಲಿ ತೊಡಗಿದ್ದಾನೆ. ಆಗ ಪರಿಗ್ರಹ ಪರಿಮಾಣದ ಲೆಕ್ಕವನ್ನೂ ತೆರೆಯಬೇಕಾಗುತ್ತದೆ.

ವಾದ್ಯದ ಆಯ್ಕೆಯಲ್ಲಿ ಅಹಿಂಸೆಯ ವಿಚಾರ ತೀರ ಸ್ಥೂಲವಾಗಿಯೇ ಎದುರಾಗುತ್ತದೆ. ಮೃದಂಗ, ತಬಲಾಗಳ ಮುಖಕ್ಕೆ ಹೊದಿಸುವುದು ಚರ್ಮ. ಪಿಟೀಲಿನ ಕಮಾನಿಗೆ ಕುದುರೆಯ ಕೂದಲು. ತಂಬೂರಿಯ ದಂಡಿ ಮರದ್ದು, ಬುರುಡೆ ಸೋರೆಯದು, ತಂತಿ ಲೋಹದ್ದು. ಆದರೆ ತಂತಿಗಳು ಹಾಯುವ ಕುದುರೆಯನ್ನು ಮೂಳೆ ಅಥವಾ ಕೊಂಬಿನಿಂದ ಮಾಡುವುದೂ ಉಂಟು. ಕೊಳ್ಳುವ ಮೊದಲು ಕೇಳಿದರೆ ಮರದ ಕುದುರೆಯೇ ಸಿಗುತ್ತದೆ. ಅದರ ಮೇಲಿನ ಜೀವಾಳಕ್ಕೆ ರೇಷ್ಮೆ ಎಳೆಯ ಬದಲು ಹತ್ತಿಯ ಎಳೆ ಸಾಕು. ಹಾರ್ಮೋನಿಯಂ ಒಳಗಿನ ಚರ್ಮದ ತುಂಡುಗಳು ಕಣ್ಣಿಗೆ ಬೀಳುವುದಿಲ್ಲ, ಅವನ್ನು ವಿಚಾರಿಸಿಯೇ ತಿಳಿಯಬೇಕು. ಚರ್ಮವಿಲ್ಲದೆ ಕೃತಕ ಪದರದಿಂದ ಮಾಡಿದ ಮೃದಂಗಗಳು ಈಗ ದೊರೆಯುತ್ತವೆ. ನಾದ ಸ್ವಲ್ಪ ಬೇರೆಯೆನಿಸಿದರೂ ಮನೆಯ ಭಜನೆಗೆ ಧಾರಾಳವಾಗಿ ಸಾಲುತ್ತವೆ. ಬಿದಿರಿನ ಕೊಳಲಿಗೂ ತಾಳಕ್ಕೂ ಈ ತೊಡಕೇ ಇಲ್ಲ. ಕಂಠಕ್ಕಂತೂ ಖರ್ಚೂ ಇಲ್ಲ.

ಇನ್ನು ಅಭಿಮಾನದ ವಿಷಯ. ನಡುವಯಸ್ಸಿನಲ್ಲಿ ಕಲಿಯುವವನಿಗೆ ಕೈಬೆರಳು ಬೇಗ ಬಾಗುವುದಿಲ್ಲ, ಹೊಗಳಿಕೆಯ ಆಸೆ ಮಾತ್ರ ಬೇಗ ಬರುತ್ತದೆ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ಶಬ್ದವನ್ನು ಪುದ್ಗಲದ ಪರ್ಯಾಯವೆಂದು ಹೇಳುತ್ತದೆ. ಶಬ್ದವು ಆಕಾಶದ ಗುಣವೆಂದ ವೈಶೇಷಿಕರ ಮತವನ್ನು ಜೈನಾಚಾರ್ಯರು ಒಪ್ಪಲಿಲ್ಲ. ಅವರ ದೃಷ್ಟಿಯಲ್ಲಿ ಸ್ವರವೂ ಜಡ, ಹುಟ್ಟುತ್ತದೆ, ಅಳಿಯುತ್ತದೆ. ಆತ್ಮನದಾಗಿರುವುದು ಅದನ್ನು ತಿಳಿಯುವ ಜ್ಞಾನ. ಹಾಗಿರುವಾಗ ಹೊರಬಂದ ಸ್ವರದ ಮೇಲೆ "ನನ್ನದು" ಎಂಬ ಮುದ್ರೆ ಒತ್ತುವುದು ಎಷ್ಟು ಸರಿ? ಅಪಸ್ವರಕ್ಕೆ ಕುಗ್ಗುವುದೂ ಅಷ್ಟೇ ಅನವಶ್ಯಕ. ನೆರೆಮನೆಯವರ ನಿದ್ರೆಯ ವಿಷಯ ಬೇರೆ, ಅಲ್ಲಿ ಶ್ರಾವಕನು ಜಾಗ್ರತೆ ವಹಿಸಲೇಬೇಕು.

ಹಾಡುವುದೇನನ್ನು ಎಂದು ಕನ್ನಡ ಜೈನರು ಚಿಂತಿಸಬೇಕಾಗಿಲ್ಲ. ಹದಿನಾರನೆಯ ಶತಮಾನದ ರತ್ನಾಕರವರ್ಣಿಯ ಭರತೇಶವೈಭವ ಸಾಂಗತ್ಯದಲ್ಲಿದೆ, ಹಾಡುವುದಕ್ಕೆ ಹೇಳಿಮಾಡಿಸಿದ ಛಂದಸ್ಸು. ಅದರ ನಾಯಕ ಭರತನೂ ಗಾಯಕರ ಹಾಡನ್ನು ಮೆಚ್ಚಿ ಕೇಳುವ ಗೃಹಸ್ಥನೇ. ಭೋಗದ ನಡುವೆಯೂ ಆತ್ಮಧ್ಯಾನವನ್ನು ಬಿಡದವನು. ಅವನ ಕಥೆಯನ್ನು ಪುಸ್ತಕದ ಕಪಾಟಿನಲ್ಲಿಟ್ಟು ಸಿನಿಮಾ ಗೀತೆಯನ್ನೇ ಮೊದಲು ಕಲಿಯುವುದು ವಿಚಿತ್ರ.

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯುವ ಮನೆಗಳಲ್ಲಿ ಸಂಜೆ ದೀರ್ಘವಾಗಿರುತ್ತದೆ. ಸಾಮಾಯಿಕ ಮುಗಿಸಿ ಅರ್ಧ ಗಂಟೆ ಹಾಡಿಗೆ ಕೊಡುವವರಿದ್ದಾರೆ. ಅವರಲ್ಲಿ ಕೆಲವರು ಅಷ್ಟಮಿ, ಚತುರ್ದಶಿಗಳಂದು ವಾದ್ಯವನ್ನು ಮುಟ್ಟುವುದಿಲ್ಲವೆಂದು ನಿಯಮ ಮಾಡಿಕೊಳ್ಳುತ್ತಾರೆ. ಮುಚ್ಚಿದ ಪೆಟ್ಟಿಗೆಯ ಕಡೆಗೆ ಅಂದು ಕೈ ಎಷ್ಟು ಸಲ ಹೋಗುತ್ತದೆಂದು ಎಣಿಸುತ್ತಾರೆ.