ನಮ್ಮವರ ಓಣಿ, ಎಲ್ಲರ ಊರು

ಕೆಲಸಕ್ಕೋ, ಮಕ್ಕಳ ಓದಿಗೋ, ಮದುವೆಯಾಗಿಯೋ ಹೊಸ ಊರಿಗೆ ಹೊರಟವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ನಮ್ಮ ಕಡೆಯವರನ್ನೇ ಹುಡುಕಿಕೊಂಡು ಕೂಡಬೇಡಿ, ಅಲ್ಲಿಯವರ ಜೊತೆ ಬೆರೆಯಿರಿ, ಬೇಗ ಒಗ್ಗಿಕೊಳ್ಳುತ್ತೀರಿ. ಕೇಳಲಿಕ್ಕೆ ಸರಿಯಾಗಿಯೇ ಇದೆ. ಆದರೆ ಮಹಾರಾಷ್ಟ್ರದ ದಕ್ಷಿಣದ ಅಂಚಿನಲ್ಲಿರುವ ಸೊಲ್ಲಾಪುರದಂಥ ಊರಿನ ಕಥೆಯನ್ನು ನೋಡಿದರೆ ಈ ಸಲಹೆಯ ಕ್ರಮವೇ ತಿರುವುಮುರುವಾಗಿದೆ ಎನಿಸುತ್ತದೆ. ಅಲ್ಲಿಗೆ ಬಂದು ನೆಲೆ ನಿಂತವರು ಮೊದಲು ತಮ್ಮವರ ಓಣಿ ಸೇರಿದರು. ಅಲ್ಲಿಂದ ಕೆಲಸಕ್ಕೆ ಹೊರಬಿದ್ದರು, ಕೆಲಸದ ಮೂಲಕ ಊರಿನವರಾದರು. ಓಣಿಯನ್ನು ದಾಟದೆ ಉಳಿದವರಿಗೆ ಊರು ದಕ್ಕಲಿಲ್ಲ ಎಂಬುದು ನಿಜ. ಓಣಿಯೇ ಇಲ್ಲದೆ ಬಂದವರಿಗೆ ಊರು ದಕ್ಕುವುದು ಅದಕ್ಕಿಂತ ಕಷ್ಟ ಎಂಬುದೂ ಅಷ್ಟೇ ನಿಜ. ಈ ಎರಡನೆಯ ಮಾತನ್ನು ನಾವು ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ.

ಸೊಲ್ಲಾಪುರ ಬಂದವರಿಂದ ಬೆಳೆದ ನಗರ. 1860ರ ಹೊತ್ತಿಗೆ ಮುಂಬಯಿ ಕಡೆಯ ರೈಲು ಅಲ್ಲಿಗೆ ತಲುಪಿತು. 1870ರ ದಶಕದಲ್ಲಿ ಊರಿನ ಮೊದಲ ಹತ್ತಿ ಗಿರಣಿ ಶುರುವಾಯಿತು, ಮುಂದೆ ಅದಕ್ಕೆ ‘ಜುನೀ ಗಿರಣಿ’ ಎಂದೇ ಹೆಸರು ನಿಂತಿತು. ನರಸಿಂಗಗಿರ್ಜಿ, ಲಕ್ಷ್ಮಿ, ವಿಷ್ಣು ಗಿರಣಿಗಳು ಅದರ ಹಿಂದೆ ಬಂದವು. ಗಿರಣಿಯ ಭೋಂಗಾ ಕೂಗಿದಲ್ಲಿ ಕೂಲಿ ಇದೆ ಎಂದು ತಿಳಿದ ಮೇಲೆ ಸುತ್ತಲಿನ ಬರದ ಸೀಮೆಯಿಂದ ಕನ್ನಡ, ಮರಾಠಿ ಮಾತಾಡುವ ರೈತರು ಬಂದರು. ನಿಜಾಮರ ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಹೆಂಡತಿ ಮಕ್ಕಳೊಂದಿಗೆ ಬಂದು ಊರಿನ ಪೂರ್ವ ಭಾಗದಲ್ಲಿ ನೆಲೆಸಿದರು. ಆ ಭಾಗದ ಪೇಟೆಗಳಲ್ಲಿ ಇವತ್ತಿಗೂ ಮನೆಮಾತು ತೆಲುಗು. ಮಾರ್ಕಂಡೇಯ ಮಹಾಮುನಿಯ ಗುಡಿ ಅವರ ನಡುವೆ ಇದೆ, ನೂಲಹುಣ್ಣಿಮೆಯ ದಿನ ಅವನ ಮೆರವಣಿಗೆ ಹೊರಡುತ್ತದೆ. ಅದೇ ಜನ ನೇಯ್ದ ಚಾದರ ಮತ್ತು ಟರ್ಕಿ ಟವೆಲ್ಲು ‘ಸೊಲ್ಲಾಪುರದ್ದು’ ಎಂದು ದೇಶದ ಮನೆಮನೆಗೆ ಹೋಯಿತು, ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆಯಿತು. ಹೊರಗಿನಿಂದ ಬಂದವರ ಕೈಕೆಲಸಕ್ಕೆ ಊರು ತನ್ನ ಹೆಸರನ್ನೇ ಕೊಟ್ಟಿತು. ಒಗ್ಗಿಕೊಳ್ಳುವುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಇದನ್ನು ಸಾಧಿಸಿದವರು ಮನೆಯೊಳಗೆ ತಮ್ಮ ಮಾತನ್ನಾಗಲಿ ದೇವರನ್ನಾಗಲಿ ಬಿಟ್ಟವರಲ್ಲ ಎಂಬುದನ್ನು ಗಮನಿಸಬೇಕು.

ಹೊಸದಾಗಿ ಬಂದವನಿಗೆ ಓಣಿ ಏನು ಕೊಡುತ್ತದೆ ಎಂದು ಬಿಡಿಸಿ ನೋಡಿದರೆ ಅದರಲ್ಲಿ ಭಾವುಕತೆಗಿಂತ ವ್ಯವಹಾರವೇ ಹೆಚ್ಚು. ಮುಂಗಡ ಹಣವಿಲ್ಲದೆ ಖೋಲಿ ಕೊಡುವವರು, ಯಾವ ಕಾರ್ಖಾನೆಯಲ್ಲಿ ಪಗಾರ ಸರಿಯಾಗಿ ಆಗುತ್ತದೆಂದು ಹೇಳುವವರು, ಮಗುವಿಗೆ ಜ್ವರ ಬಂದ ರಾತ್ರಿ ಜೊತೆಗೆ ಬರುವವರು, ಉದ್ರಿ ಕೊಡುವ ಕಿರಾಣಿ ಅಂಗಡಿ. ಇವಿಷ್ಟೂ ಪರಿಚಯದ ಮೇಲೆ ನಡೆಯುವಂಥವು, ಪರಿಚಯ ಮಾತಿನ ಮೇಲೆ ನಡೆಯುವಂಥದ್ದು. ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳನ್ನು ನೋಡಿ. ಎಲೆ ಮತ್ತು ತಂಬಾಕು ಕಂಪನಿಯಿಂದ ಮನೆಗೆ ಬರುತ್ತದೆ. ಎಲೆಯನ್ನು ನೆನೆಸಿ, ತಗಡಿನ ಅಳತೆ ಇಟ್ಟು ಕತ್ತರಿಸಿ, ತೊಡೆಯ ಮೇಲೆ ಮೊರವಿಟ್ಟುಕೊಂಡು ಸುತ್ತಿ, ದಾರ ಕಟ್ಟಿ, ಲೆಕ್ಕ ಮಾಡಿ ಮರಳಿ ಒಪ್ಪಿಸಬೇಕು. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಹೊಸದಾಗಿ ಬಂದ ಸೊಸೆಗೆ ಈ ಕೆಲಸ ಕಲಿಸುವವಳು ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತ ನೆರೆಯವಳೇ. ಅವಳ ಜೊತೆ ಮಾತು ಕೂಡದಿದ್ದರೆ ಕೆಲಸವೂ ಕೂಡುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದೇ. ತಮ್ಮವರ ನಡುವೆಯೇ ಇದ್ದರೆ ಜನ ಬಾವಿಯ ಕಪ್ಪೆಗಳಾಗುವುದಿಲ್ಲವೇ? ಆಗಬಹುದು, ಆಗಿದ್ದೂ ಇದೆ. ಇಲ್ಲಿ ಹೊರ ಜಗತ್ತಿನ ಒಂದು ಅಧ್ಯಯನ ನೆರವಿಗೆ ಬರುತ್ತದೆ. ಕೆನಡಾದ ಮನೋವಿಜ್ಞಾನಿ ಜಾನ್ ಬೆರಿ ಮತ್ತು ಸಂಗಡಿಗರು 13 ದೇಶಗಳಲ್ಲಿ ವಲಸೆ ಕುಟುಂಬಗಳ ಹದಿಹರೆಯದ ಮಕ್ಕಳನ್ನು ಅಧ್ಯಯನ ಮಾಡಿ 2006ರಲ್ಲಿ ಪುಸ್ತಕ ಪ್ರಕಟಿಸಿದರು. ತಮ್ಮತನವನ್ನು ಉಳಿಸಿಕೊಂಡು ಹೊಸ ಸಮಾಜದಲ್ಲೂ ಪಾಲ್ಗೊಂಡ ಮಕ್ಕಳು ಮನಸ್ಸಿನ ನೆಮ್ಮದಿಯಲ್ಲೂ ಶಾಲೆಯ ಬದುಕಿನಲ್ಲೂ ಎಲ್ಲರಿಗಿಂತ ಚೆನ್ನಾಗಿದ್ದರು. ತಮ್ಮವರಿಗಷ್ಟೇ ಅಂಟಿಕೊಂಡವರಿಗೆ ನೆಮ್ಮದಿಯಿತ್ತು, ಹೊರಗಿನ ಬದುಕು ಅಷ್ಟಾಗಿ ಹಿಡಿತಕ್ಕೆ ಸಿಕ್ಕಿರಲಿಲ್ಲ. ತಮ್ಮದನ್ನು ಬಿಟ್ಟು ಹೊಸದನ್ನಷ್ಟೇ ಹಿಡಿದವರಿಗೆ ನೆಮ್ಮದಿಯೂ ಕಡಿಮೆ, ಹೊರಗಿನ ಬದುಕಿನಲ್ಲಿ ನಿರೀಕ್ಷಿಸಿದ ಲಾಭವೂ ಕಾಣಲಿಲ್ಲ. ‘ಬೇಗ ಬೆರೆಯಿರಿ’ ಎನ್ನುವ ಸಲಹೆಗಾರರು ಈ ಕೊನೆಯ ಸಂಗತಿಯನ್ನು ಎರಡು ಸಲ ಓದಬೇಕು. ಓಣಿಯ ಮಿತಿಯನ್ನೂ ಮುಚ್ಚಿಡಬೇಕಾಗಿಲ್ಲ. ಹೊಸ ಕೆಲಸದ ಸುದ್ದಿ ಹೆಚ್ಚಾಗಿ ಬರುವುದು ಆಪ್ತರಿಂದಲ್ಲ, ಮುಖಪರಿಚಯದವರಿಂದ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ್ದರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ದೂರದ ಪರಿಚಿತನಿಗೆ ಬೇರೆ ಲೋಕ ಗೊತ್ತಿರುತ್ತದೆ. ಮೊದಲ ಕೂಲಿ ಓಣಿಯಿಂದ ಬಂದರೂ ಮೇಲಿನ ಮೆಟ್ಟಿಲು ಹತ್ತಲು ಹೊರಗಿನ ಪರಿಚಯ ಬೇಕೇ ಬೇಕು.

ಹಾಗಾಗಿ ಊರಿನ ಕಡೆಯಿಂದಲೂ ಒಂದು ಬಾಗಿಲು ತೆರೆದಿರಬೇಕು: ಬಂದವರೂ ಮೊದಲಿಂದ ಇದ್ದವರೂ ಸಮನಾಗಿ ನಿಲ್ಲಬಹುದಾದ ಒಂದು ಜಾಗ. ಸೊಲ್ಲಾಪುರಕ್ಕೆ ಆ ಭಾಗ್ಯ ಹನ್ನೆರಡನೆಯ ಶತಮಾನದಿಂದ ಬಂದದ್ದು. ಆಗ ಸೊನ್ನಲಿಗೆಯೆನಿಸಿದ್ದ ಈ ಊರಿನಲ್ಲಿ ಸಿದ್ಧರಾಮ ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ. ವಚನಕಾರನಾಗಿ ನಮಗೆಲ್ಲ ಗೊತ್ತಿರುವ ಈ ಕರ್ಮಯೋಗಿ ಅಲ್ಲಿಯವರಿಗೆ ಗ್ರಾಮದೈವ. ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ನಡೆಯುವ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಕೋಲುಗಳು ಹೊರಡುತ್ತವೆ. ಎತ್ತರದ ಆ ಕೋಲುಗಳನ್ನು ಹೊರುವವರು ಬಿಳಿ ಬಾರಾಬಂದಿ ತೊಟ್ಟಿರುತ್ತಾರೆ, ಹೊರುವ ಮಾನ ಬೇರೆ ಬೇರೆ ಸಮುದಾಯಗಳಿಗೆ ಹಂಚಿಹೋಗಿದೆ. ಊರಿನ ಅರವತ್ತೆಂಟು ಲಿಂಗಗಳಿಗೆ ಎಣ್ಣೆಯ ಅಭಿಷೇಕವಾದ ಮರುದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆಯ ಸಂಭ್ರಮ. ಸಿದ್ಧರಾಮನನ್ನು ಮದುವೆಯಾಗಲು ಬಯಸಿದ ಕುಂಬಾರರ ಹುಡುಗಿಗೆ ಅವನ ಯೋಗದಂಡದ ಜೊತೆ ಲಗ್ನವಾಯಿತೆಂಬ ಕಥೆಯ ನೆನಪದು. ಅಲ್ಲಿ ಓದುವ ಲಗ್ನದ ಸಮ್ಮತಿ ಕನ್ನಡದ್ದು. ಅದು ಮುಗಿಯುತ್ತಿದ್ದಂತೆ ಮರಾಠಿ ಮಾತಿನವರು, ತೆಲುಗು ಮಾತಿನವರು, ಕನ್ನಡದವರು ಎಲ್ಲರೂ ಕೂಡಿ ಅಕ್ಷತೆ ಎರಚುತ್ತಾರೆ. ಭಾಷೆ ತಿಳಿಯದಿದ್ದರೂ ಮದುವೆಯ ಮನೆಯವರಾಗಬಹುದು ಎಂಬುದನ್ನು ಒಂದಿಡೀ ನಗರ ವರ್ಷಕ್ಕೊಮ್ಮೆ ಮಾಡಿ ತೋರಿಸುತ್ತದೆ.

ಜಾತ್ರೆಯ ಒಗ್ಗಟ್ಟು ಒಂದು ದಿನದ್ದಷ್ಟೇ ಎನ್ನುವವರು 1930ರ ಮೇ ತಿಂಗಳನ್ನು ನೆನೆಯಬೇಕು. ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಗಿರಣಿ ಕೂಲಿಕಾರರು ಬೀದಿಗಿಳಿದರು, ಕೆಲವು ದಿನ ಬ್ರಿಟಿಷ್ ಆಡಳಿತ ಊರಿನಿಂದ ಕಾಲ್ತೆಗೆಯಿತು, ಬಳಿಕ ಸರಕಾರ ಮಾರ್ಷಲ್ ಲಾ ಹೇರಿತು. ಈ ಪ್ರಕರಣದಲ್ಲಿ 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿದ ನಾಲ್ವರು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. ನಾಲ್ಕು ಹೆಸರುಗಳನ್ನು ಕೂಡಿಸಿ ಓದಿದರೆ ಸಾಕು, ಮೊದಲ ಗಿರಣಿ ಬಂದ ಐವತ್ತು ಚಿಲ್ಲರೆ ವರ್ಷಗಳಲ್ಲಿ ಎಷ್ಟು ಬೇರೆ ಬೇರೆ ಮನೆಗಳವರು ಆ ಊರನ್ನು ತಮ್ಮದೆಂದುಕೊಂಡಿದ್ದರು ಎಂಬುದು ತಿಳಿಯುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಕಠಿಣ. ತಮ್ಮವರು ಒಬ್ಬರೂ ಇಲ್ಲದ ಊರಿಗೆ ಹೋದವರ ಗತಿಯೇನು? ಇದಕ್ಕೂ ಸೊಲ್ಲಾಪುರದಲ್ಲೇ ಉತ್ತರವಿದೆ. 1910ರಲ್ಲಿ ಅಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ವೈದ್ಯರ ತಂಡದೊಂದಿಗೆ ಯುದ್ಧದಲ್ಲಿ ಬೇಯುತ್ತಿದ್ದ ಚೀನಕ್ಕೆ ಹೋದರು. ಚೀನೀ ಭಾಷೆ ಕಲಿತರು, ಗುವೊ ಚಿಂಗ್‌ಲಾನ್ ಎಂಬ ನರ್ಸನ್ನು ಮದುವೆಯಾದರು, ಅಲ್ಲಿಯ ಆಸ್ಪತ್ರೆಯೊಂದರ ಮುಖ್ಯಸ್ಥರಾದರು, 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಚೀನದ ಜನ ಇಂದಿಗೂ ಅವರನ್ನು ತಮ್ಮವರೆಂದೇ ನೆನೆಯುತ್ತಾರೆ. ಓಣಿ ಇಲ್ಲದಲ್ಲಿ ಅವರ ಕೈ ಹಿಡಿದದ್ದು ಕೆಲಸ. ಊರಿಗೆ ಬೇಕಾದ ಕೆಲಸವೊಂದು ಕೈಯಲ್ಲಿದ್ದರೆ ಊರು ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಎಲ್ಲರೂ ಯುದ್ಧಭೂಮಿಯ ವೈದ್ಯರಾಗಿರುವುದಿಲ್ಲ. ಸಾಮಾನ್ಯ ಕೆಲಸದ ಸಾಮಾನ್ಯ ಮನುಷ್ಯನಿಗೆ ಸುತ್ತ ನಾಲ್ಕು ಜನ ಬೇಕು. ದ. ರಾ. ಬೇಂದ್ರೆಯವರ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. 1943ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಕವಿ ಮರುವರ್ಷ ಧಾರವಾಡ ಬಿಟ್ಟು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಕನ್ನಡ ಪ್ರಾಧ್ಯಾಪಕರಾಗಿ ಹೋದರು, 1956ರವರೆಗೂ ಅಲ್ಲಿದ್ದರು. ಮನೆಯಲ್ಲಿ ಮರಾಠಿ, ಕಾವ್ಯದಲ್ಲಿ ಕನ್ನಡ ಎಂದಿದ್ದ ಅವರಿಗೆ ಎರಡೂ ಮಾತಿನ ಜನ ಅಲ್ಲಿದ್ದರು. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವೇ ಆ ಊರಿಗೆ ಬಂತು.

ಅಕ್ಕಲಕೋಟೆಗೆ ಬಂದರೆ ಚಿತ್ರ ತಿರುಗುತ್ತದೆ. ಸೊಲ್ಲಾಪುರದಿಂದ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಈ ಹಳೆಯ ಸಂಸ್ಥಾನದ ತಾಲೂಕಿನಲ್ಲಿ ದುಧನಿ, ಮೈಂದರ್ಗಿ, ನಾಗಣಸೂರಿನಂಥ ಊರುಗಳು ಕನ್ನಡದವು. ಇಲ್ಲಿ ಮೊದಲಿಂದ ಇದ್ದವರು ಕನ್ನಡದವರು, ಬರುವವರು ಹೊರಗಿನ ಭಕ್ತರು, ವ್ಯಾಪಾರಿಗಳು, ನೌಕರರು. ಈ ಊರಿನ ಹೆಸರನ್ನು ನಾಡಿಗೆಲ್ಲ ಹಬ್ಬಿಸಿದ ಸ್ವಾಮಿ ಸಮರ್ಥರೂ ಹೊರಗಿನಿಂದ ಬಂದವರೇ. 1856-57ರ ಸುಮಾರಿಗೆ ಬಂದರು, 1878ರಲ್ಲಿ ಸಮಾಧಿಯಾಗುವವರೆಗೂ ಇದ್ದರು. ಅವರ ಪೂರ್ವಾಶ್ರಮದ ಊರು, ಕುಲ ಖಚಿತವಾಗಿ ತಿಳಿದಿಲ್ಲ. ಮೊದಲು ಚೋಳಪ್ಪನೆಂಬ ಗೃಹಸ್ಥ ಅವರನ್ನು ಮನೆಯಲ್ಲಿಟ್ಟುಕೊಂಡ, ಆಮೇಲೆ ಊರೇ ಇಟ್ಟುಕೊಂಡಿತು. ಭಕ್ತಿಯ ಮಾತನ್ನು ಬದಿಗಿಟ್ಟು ನೋಡಿದರೂ ಇದರಲ್ಲಿ ಆತಿಥೇಯರಿಗೆ ಒಂದು ಪಾಠವಿದೆ: ಬಂದವನ ಪೂರ್ವೋತ್ತರ ಕೇಳುವ ಮೊದಲು ಒಂದು ಮನೆಯ ಬಾಗಿಲು ತೆರೆದಿತ್ತು.

ಆದರೆ ಈ ಸೀಮೆಯ ಗಡಿ ತಂಟೆಯನ್ನು ಮರೆತು ಹೀಗೆ ಬರೆಯುವುದು ಸರಿಯೇ ಎಂದು ಕನ್ನಡದ ಓದುಗರು ಕೇಳಬಹುದು. ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಬೇಕೆಂದು 1967ರ ಮಹಾಜನ್ ವರದಿ ಹೇಳಿತ್ತು, ಅದು ಜಾರಿಗೆ ಬರಲಿಲ್ಲ. ಈ ನೋವು ಸುಳ್ಳಲ್ಲ. ಅಲ್ಲಿಯ ಕನ್ನಡಿಗರನ್ನು ‘ಹೊರಗಿನವರು’ ಎಂದು ಯಾರಾದರೂ ಕರೆದರೆ ಅದು ಅನ್ಯಾಯವೇ, ಅವರು ಅಲ್ಲಿಯ ಮಣ್ಣಿನವರು. ಆದರೆ ದಿನದ ಬದುಕು ವರದಿಗಾಗಿ ಕಾಯುವುದಿಲ್ಲ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಅಲ್ಲಿ ನಡೆಯುತ್ತಿವೆ, ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಕನ್ನಡ ಮಾಧ್ಯಮದ ಮಗುವೊಂದು ಹೀಗೆ ಎರಡೂ ಭಾಷೆ ಕಲಿತರೆ ಅದು ಅದರ ಗಳಿಕೆ. ಶಾಲೆಗಳಿಗೆ ಕನ್ನಡ ಬಲ್ಲ ಶಿಕ್ಷಕರು ಸಿಗುವಂತೆ ನೋಡಿಕೊಳ್ಳುವುದು ಎರಡೂ ಸರಕಾರಗಳ ಹೊಣೆ, ಅದರಲ್ಲಿ ರಾಜಿ ಕೂಡದು. ಮರಾಠಿ ಕಲಿತರೆ ಕನ್ನಡ ಹೋಗುತ್ತದೆ ಎಂದು ಅಂಜುವವರಿಗೆ ಜಯದೇವಿತಾಯಿ ಲಿಗಾಡೆಯವರ ಬದುಕೇ ಉತ್ತರ. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿ ಮರಾಠಿಯಲ್ಲಿ ಓದಿದ ಅವರು ತ್ರಿಪದಿಯಲ್ಲಿ ಸಿದ್ಧರಾಮನ ಪುರಾಣ ಬರೆದರು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು.

ಉಳಿದದ್ದು ಬಡತನದ ಪ್ರಶ್ನೆ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಸೊಲ್ಲಾಪುರದ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಓದಿದ ಹುಡುಗರು ಪುಣೆಯ ಬಸ್ಸು ಹತ್ತುತ್ತಿದ್ದಾರೆ. ಬಾಡಿಗೆಯ ಖೋಲಿಯಲ್ಲಿ ಬೀಡಿ ಕಟ್ಟುವವಳಿಗೆ ‘ಊರಿಗೆ ಒಗ್ಗಿಕೋ’ ಎಂದು ಹೇಳುವುದು ಕ್ರೂರವಾಗುತ್ತದೆ. ಇದನ್ನು ಅಲ್ಲಿಯ ಕಾರ್ಮಿಕ ಸಂಘಟನೆ ಅರ್ಥ ಮಾಡಿಕೊಂಡಿತು. ತೆಲುಗು ನೇಕಾರ ಸಮುದಾಯದಿಂದ ಬಂದ, ಶಾಸಕರೂ ಆಗಿದ್ದ ನರಸಯ್ಯ ಆಡಂ ಅವರ ನೇತೃತ್ವದಲ್ಲಿ ಬೀಡಿ ಕಾರ್ಮಿಕ ಹೆಂಗಸರಿಗಾಗಿ ದಕ್ಷಿಣ ಸೊಲ್ಲಾಪುರ ತಾಲೂಕಿನ ಕುಂಭಾರಿಯಲ್ಲಿ ಗೋದೂತಾಯಿ ಪರುಳೇಕರ್ ಹೆಸರಿನ ಹತ್ತು ಸಾವಿರ ಮನೆಗಳ ವಸತಿ ಎದ್ದಿತು. ಅದರ ಬೆನ್ನಿಗೆ ಮೂವತ್ತು ಸಾವಿರ ಮನೆಗಳ ರಾಯನಗರ ಯೋಜನೆ ಬಂತು. ಅದರಲ್ಲಿ ಹದಿನೈದು ಸಾವಿರ ಮನೆಗಳನ್ನು 2024ರ ಜನವರಿಯಲ್ಲಿ ಪ್ರಧಾನಿಯವರು ಲೋಕಾರ್ಪಣೆ ಮಾಡಿದರು. ನೇಕಾರರು, ಬೀಡಿ ಕಾರ್ಮಿಕರು, ಚಿಂದಿ ಆಯುವವರು, ಚಾಲಕರು ಅಲ್ಲಿಯ ಫಲಾನುಭವಿಗಳು. ಸ್ವಂತ ಮನೆಯ ಕೀಲಿ ಕೈಗೆ ಬಂದ ಮೇಲೆ ಹೊಸ ಓಣಿ ತಾನಾಗಿ ಕೂಡಿಕೊಳ್ಳುತ್ತದೆ. ಆದರೆ ಊರಿನ ಹೊರಗೆ ಎದ್ದ ಈ ಓಣಿಯಿಂದ ಊರಿಗೆ ಹೋಗಿಬರಲು ಬೆಳಗಿನ ಪಾಳಿಗೂ ರಾತ್ರಿಯ ಪಾಳಿಗೂ ಬಸ್ಸು ಬೇಕು, ನಡೆದು ಹೋಗುವಷ್ಟು ಹತ್ತಿರ ಶಾಲೆ ಬೇಕು, ದವಾಖಾನೆ ಬೇಕು, ಸಂತೆ ಬೇಕು. ಪಾಲಿಕೆಯೂ ರಾಜ್ಯ ಸರಕಾರವೂ ಮನೆಗಳ ಲೆಕ್ಕ ಕೊಟ್ಟಷ್ಟೇ ಶ್ರದ್ಧೆಯಿಂದ ಇವುಗಳ ಲೆಕ್ಕವನ್ನೂ ಕೊಡಬೇಕು. ಬಸ್ಸಿಲ್ಲದೆ ಗಂಡಾಳುಗಳು ಮತ್ತೆ ಊರೊಳಗೆ ಬಾಡಿಗೆ ಖೋಲಿ ಹಿಡಿದು, ಹೆಂಗಸರು ಮಕ್ಕಳಷ್ಟೇ ಅಲ್ಲಿ ಉಳಿಯುವಂತಾದರೆ ಅಷ್ಟು ವರ್ಷಗಳ ಹೋರಾಟದ ಫಲ ಅರ್ಧಕ್ಕೇ ನಿಲ್ಲುತ್ತದೆ.