ಟರ್ಬೊ ಎಂಜಿನ್‌ಗೆ ಪಿಸ್ಟನ್, ರಿಂಗ್ ಕೂರಿಸೋದು: 0.41 ಮಿ.ಮೀ. ಲೆಕ್ಕ

ಈ ವಾರದ ವಿಡಿಯೋದಲ್ಲಿ ಹೇಳಿದ್ದನ್ನ ಅಳತೆಗಳ ಸಮೇತ ಇಲ್ಲಿ ಬರೆದಿಟ್ಟಿದ್ದೀನಿ. ಕೈಗೆಲ್ಲಾ ಆಯಿಲ್ ಮೆತ್ಕೊಂಡು ಫೋನಲ್ಲಿ ವಿಡಿಯೋ ಹಿಂದೆ ಮುಂದೆ ಓಡಿಸೋದು ಕಷ್ಟ. ಇದನ್ನ ಪ್ರಿಂಟ್ ತೆಗೆದು ಎಂಜಿನ್ ಪಕ್ಕದ ಗೋಡೆಗೆ ಅಂಟಿಸಿಕೊಳ್ಳಿ.

ನಮ್ಮ ಕಡೆ ಗ್ಯಾರೇಜ್‌ಗಳಲ್ಲಿ ರಿಂಗ್ ಬಗ್ಗೆ ಒಂದೇ ಮಾತು: ಬಿಗಿಯಾಗಿರಬೇಕು. ರಿಂಗ್ ಸವೆದರೆ ಅದರ ಎರಡು ತುದಿಗಳ ನಡುವಿನ ಗ್ಯಾಪ್ ದೊಡ್ಡದಾಗುತ್ತೆ, ಎಂಜಿನ್ ಆಯಿಲ್ ಕುಡಿಯುತ್ತೆ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರುತ್ತೆ. ಹಾಗಾಗಿ ಗ್ಯಾಪ್ ಎಷ್ಟು ಕಮ್ಮಿ ಇದ್ದರೆ ಅಷ್ಟು ಒಳ್ಳೇದು ಅನ್ನೋ ನಂಬಿಕೆ. ದಿನಾ ಆಫೀಸಿಗೆ ಓಡಾಡೋ ಗಾಡಿಗೆ ಈ ನಂಬಿಕೆಯಿಂದ ದೊಡ್ಡ ನಷ್ಟ ಇಲ್ಲ. ಆದರೆ ಅದೇ ಎಂಜಿನ್‌ಗೆ ಟರ್ಬೊ ಹಾಕಿದ ದಿನ, ಅದೇ ಬಿಗಿ ರಿಂಗ್ ಪಿಸ್ಟನ್ನನ್ನೇ ಮುರಿಯಬಹುದು. ಹೇಗೆ ಅಂತ ಒಂದು ಎಂಜಿನ್ ಹಿಡಿದು ನೋಡೋಣ.

ಉದಾಹರಣೆಗೆ ಮಾರುತಿ ಎಸ್ಟೀಮ್‌ನ 1298 ಸಿಸಿ ಎಂಜಿನ್ ತಗೊಳ್ಳಿ. ಬೋರ್ 74 ಮಿ.ಮೀ., ಸ್ಟ್ರೋಕ್ 75.5 ಮಿ.ಮೀ. ಹಳೇ ಗಾಡಿ ಕಮ್ಮಿ ಬೆಲೆಗೆ ಸಿಗುತ್ತೆ, ಎಂಜಿನ್ ಹಗುರ, ಇಬ್ಬರು ಸೇರಿದರೆ ಸ್ಟ್ಯಾಂಡ್ ಮೇಲೆ ಕೂರಿಸಬಹುದು. ಸವೆದ ಬ್ಲಾಕನ್ನ 0.50 ಓವರ್‌ಸೈಜ್‌ಗೆ ಬೋರ್ ಮಾಡಿಸಿದ್ದೀವಿ ಅಂದುಕೊಳ್ಳಿ. ಈಗ ಬೋರ್ 74.5 ಮಿ.ಮೀ.

ಕಮ್ಮಾರನ ಲೆಕ್ಕ

ಹಳ್ಳಿಯಲ್ಲಿ ಎತ್ತಿನ ಗಾಡಿ ಗಾಲಿಗೆ ಕಬ್ಬಿಣದ ಪಟ್ಟಿ ಹಾಕೋದನ್ನ ನೋಡಿದವರಿಗೆ ಇದು ಗೊತ್ತು. ಪಟ್ಟಿಯನ್ನ ಬೆಂಕಿಯಲ್ಲಿ ಕಾಯಿಸಿದರೆ ಉದ್ದ ಆಗುತ್ತೆ, ಗಾಲಿ ಮೇಲೆ ಸಲೀಸಾಗಿ ಕೂರುತ್ತೆ, ನೀರು ಹಾಕಿದರೆ ಬಿಗಿದುಕೊಳ್ಳುತ್ತೆ. ಪಿಸ್ಟನ್ ರಿಂಗೂ ಅಂಥದೇ ಪಟ್ಟಿ. ವ್ಯತ್ಯಾಸ ಏನಪ್ಪಾ ಅಂದ್ರೆ, ಇದು ಇರೋದು ಸಿಲಿಂಡರ್ ಒಳಗೆ. ಕಾದಾಗ ಹೊರಗೆ ಬೆಳೆಯೋಕೆ ಜಾಗ ಇಲ್ಲ. ಬೆಳೆದಿದ್ದೆಲ್ಲಾ ಆ ಗ್ಯಾಪ್ ಒಳಗೇ ಹೋಗಬೇಕು.

74.5 ಮಿ.ಮೀ. ಬೋರ್ ಅಂದರೆ ರಿಂಗಿನ ಸುತ್ತಳತೆ ಸುಮಾರು 234 ಮಿ.ಮೀ. ಎರಕದ ಕಬ್ಬಿಣ ಒಂದು ಡಿಗ್ರಿಗೆ, ಪ್ರತಿ ಹತ್ತು ಲಕ್ಷ ಭಾಗಕ್ಕೆ ಸುಮಾರು 11 ಭಾಗ ಹಿಗ್ಗುತ್ತೆ. ಮಾಮೂಲಿ ಎಂಜಿನ್‌ನಲ್ಲಿ ರಿಂಗು ಸಿಲಿಂಡರ್ ಗೋಡೆಗಿಂತ 100 ಡಿಗ್ರಿ ಜಾಸ್ತಿ ಬಿಸಿ ಅಂತ ಹಿಡಿದರೆ, ರಿಂಗ್ ಬೆಳೆಯೋದು 0.26 ಮಿ.ಮೀ. ಗ್ಯಾಪ್ 0.30 ಇಟ್ಟಿದ್ದರೆ ಇನ್ನೂ 0.04 ಉಳಿಯುತ್ತೆ. ಸರಿಯಾಯ್ತು.

ಈಗ ಟರ್ಬೊ ಹಾಕಿ ಅರ್ಧ ಬಾರ್ ಬೂಸ್ಟ್ ಕೊಡಿ. ಪ್ರತಿ ಸ್ಟ್ರೋಕ್‌ಗೆ ಹೆಚ್ಚು ಗಾಳಿ, ಅದಕ್ಕೆ ತಕ್ಕ ಹಾಗೆ ಹೆಚ್ಚು ಪೆಟ್ರೋಲ್, ಹೆಚ್ಚು ಶಾಖ. ಪಿಸ್ಟನ್ ತಲೆಯ ಶಾಖದ ದೊಡ್ಡ ಪಾಲು ರಿಂಗ್ ಮೂಲಕವೇ ಗೋಡೆಗೆ ಹೋಗಬೇಕು. ರಿಂಗ್ ಮಾತ್ರ ಅದೇ ಸೈಜಿನದು. ವ್ಯತ್ಯಾಸ 150 ಡಿಗ್ರಿ ಆಯ್ತು ಅಂದುಕೊಳ್ಳಿ: ಬೆಳವಣಿಗೆ 0.39 ಮಿ.ಮೀ. ಗ್ಯಾಪ್ ಇರೋದು 0.30. ಎರಡು ತುದಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆಮೇಲೆ ರಿಂಗು ಗೋಡೆಯನ್ನ ಒತ್ತಿ ಗೀರುತ್ತೆ, ಘರ್ಷಣೆಯಿಂದ ಇನ್ನಷ್ಟು ಬಿಸಿಯಾಗುತ್ತೆ, ಇನ್ನಷ್ಟು ಬೆಳೆಯುತ್ತೆ. ಕೊನೆಗೆ ಹಿಡಿದುಕೊಂಡ ರಿಂಗು ಪಿಸ್ಟನ್ನಿನ ಮೇಲಂಚನ್ನೇ ಕಿತ್ತು ತೆಗೆಯುತ್ತೆ. 100, 150 ಡಿಗ್ರಿ ನಾನು ಲೆಕ್ಕಕ್ಕೆ ಹಿಡಿದದ್ದು. ಪ್ರತಿ ಎಂಜಿನ್‌ಗೂ ಬೇರೆ. ಆದರೆ ದಾರಿ ಇದೇ.

ಅದಕ್ಕೇ ಫೋರ್ಜ್ಡ್ ಪಿಸ್ಟನ್ ಮಾಡುವವರು ರಿಂಗ್ ಜೊತೆ ಒಂದು ಚೀಟಿ ಕೊಡ್ತಾರೆ: ಬೋರನ್ನ ಇಷ್ಟರಿಂದ ಗುಣಿಸಿ ಅಂತ. ಟರ್ಬೊ ಇಲ್ಲದ ಎಂಜಿನ್‌ಗೆ ಸಾಮಾನ್ಯವಾಗಿ 0.0040 ಆಸುಪಾಸು, ಟರ್ಬೊಗೆ 0.0050ರಿಂದ 0.0060. ನಡುವಿನ 0.0055 ತಗೊಂಡರೆ, 74.5ಕ್ಕೆ ಬರೋದು 0.41 ಮಿ.ಮೀ. ನಿಮ್ಮ ಪಿಸ್ಟನ್ ಚೀಟಿಯಲ್ಲಿ ಬೇರೆ ಸಂಖ್ಯೆ ಇದ್ದರೆ ಚೀಟಿಯದ್ದೇ ಅಂತಿಮ. ಎರಡನೇ ರಿಂಗಿಗೆ ಇದಕ್ಕಿಂತ ಸ್ವಲ್ಪ ಜಾಸ್ತಿ ಬಿಡೋದು ವಾಡಿಕೆ. ಮೊದಲ ರಿಂಗ್ ದಾಟಿ ಬಂದ ಗ್ಯಾಸು ನಡುವೆ ಸಿಕ್ಕಿಕೊಂಡರೆ ಮೊದಲ ರಿಂಗನ್ನ ಕೆಳಗಿನಿಂದ ಎತ್ತುತ್ತೆ, ಹಾಗಾಗಬಾರದು. ಆಯಿಲ್ ರಿಂಗಿನ ತೆಳು ಪಟ್ಟಿಗಳಿಗೆ ಕನಿಷ್ಠ 0.38 ಇದ್ದರೆ ಸಾಕು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಇಲ್ಲಿ ಎರಡು ಕಡೆಯ ತಪ್ಪಿಗೂ ಒಂದೇ ಬೆಲೆ ಅಲ್ಲ. ಗ್ಯಾಪ್ 0.05 ಜಾಸ್ತಿ ಆದರೆ ಚೂರು ಗ್ಯಾಸ್ ಕೆಳಗೆ ಸೋರುತ್ತೆ, ಅಷ್ಟೇ. 0.05 ಕಮ್ಮಿ ಆದರೆ ಪಿಸ್ಟನ್, ಬೋರ್ ಎರಡೂ ಹೋಗಬಹುದು. ಸಂಶಯ ಬಂದರೆ ದೊಡ್ಡ ಕಡೆಗೇ ಹೋಗಿ.

ಮೊದಲು ಬೋರ್, ಆಮೇಲೆ ರಿಂಗ್

ಬೋರಿಂಗ್ ಅಂಗಡಿಗೆ ಬ್ಲಾಕ್ ಕೊಡುವಾಗ ಪಿಸ್ಟನ್‌ಗಳನ್ನೂ ಕೊಡಿ. ಅಲ್ಲಿ ‘ಥೌ’ ಲೆಕ್ಕದಲ್ಲಿ ಮಾತಾಡ್ತಾರೆ, ಅಂದರೆ ಇಂಚಿನ ಸಾವಿರದ ಒಂದು ಭಾಗ, ಸುಮಾರು 0.025 ಮಿ.ಮೀ. ಫೋರ್ಜ್ಡ್ ಪಿಸ್ಟನ್‌ನಲ್ಲಿ ಎರಡು ಮಿಶ್ರಲೋಹ ಹೆಚ್ಚು ಬಳಕೆಯಲ್ಲಿವೆ: 4032 ಮತ್ತು 2618. ಮೊದಲನೆಯದರಲ್ಲಿ ಸುಮಾರು 12% ಸಿಲಿಕಾನ್ ಇದೆ, ಕಮ್ಮಿ ಹಿಗ್ಗುತ್ತೆ. ಎರಡನೆಯದರಲ್ಲಿ ಸಿಲಿಕಾನ್ ಬಹುತೇಕ ಇಲ್ಲ. ಗಟ್ಟಿಮುಟ್ಟು, ಆದರೆ ಜಾಸ್ತಿ ಹಿಗ್ಗುತ್ತೆ, ಹಾಗಾಗಿ ಗೋಡೆಯಿಂದ ಹೆಚ್ಚು ಅಂತರ ಬೇಕು. ತಣ್ಣಗಿರುವಾಗ ಟಕ ಟಕ ಅಂತ ಸದ್ದು ಮಾಡಿದರೆ ಗಾಬರಿ ಬೇಡ. ಕಂಪನಿಯ ಪಿಸ್ಟನ್‌ಗೆ ಇಡೋ ಅಂತರವನ್ನೇ 2618ಕ್ಕೂ ಇಟ್ಟರೆ ಅದು ಬಿಸಿಯಾದಾಗ ಕಚ್ಚಿಕೊಳ್ಳುತ್ತೆ.

ಬ್ಲಾಕ್ ವಾಪಸ್ ಬಂದ ಮೇಲೆ ಬೋರ್ ಗೇಜ್‌ನಿಂದ ಮೇಲೆ, ಮಧ್ಯ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಅಳೆಯಿರಿ. ಪಿಸ್ಟನ್ನನ್ನ ಚೀಟಿಯಲ್ಲಿ ಹೇಳಿದ ಎತ್ತರದಲ್ಲಿ, ಪಿನ್‌ಗೆ ಅಡ್ಡಲಾಗಿ ಮೈಕ್ರೋಮೀಟರ್ ಹಿಡಿದು ಅಳೆಯಿರಿ. ಆಮೇಲೆ ಬಿಸಿನೀರು, ಸೋಪು, ಬ್ರಷ್. ಆಯಿಲ್ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬೂದು ಬಣ್ಣ ಬರೋದು ನಿಲ್ಲೋವರೆಗೂ ತೊಳೀಬೇಕು. ಹೋನಿಂಗ್ ಕಲ್ಲಿನ ಪುಡಿ ಒಳಗೆ ಉಳಿದರೆ ಹೊಸ ರಿಂಗ್ ತಿಂದು ಹಾಕುತ್ತೆ.

ಗ್ಯಾಪ್ ಇಡೋದು

ನಾಲ್ಕು ಟಿಫಿನ್ ಡಬ್ಬಿ ತಗೊಂಡು 1, 2, 3, 4 ಅಂತ ಬರೀರಿ. ಯಾವ ಬೋರ್‌ನಲ್ಲಿ ಅಳೆದ ರಿಂಗೋ ಅದೇ ಬೋರ್‌ಗೆ ಹೋಗಬೇಕು.

ರಿಂಗನ್ನ ಬೋರ್ ಒಳಗಿಟ್ಟು, ಪಿಸ್ಟನ್ ತಲೆಕೆಳಗು ಮಾಡಿ ಅದರಿಂದ ಸುಮಾರು 25 ಮಿ.ಮೀ. ಕೆಳಗೆ ತಳ್ಳಿ. ಆಗ ರಿಂಗ್ ಓರೆಯಾಗದೆ ನೆಟ್ಟಗೆ ಕೂರುತ್ತೆ. ಫೀಲರ್ ಗೇಜ್ ಹಾಕಿ: 0.40 ಸಲೀಸಾಗಿ ಹೋಗಿ 0.45 ಹೋಗಲ್ಲ ಅಂದರೆ ಸರಿ. ಕಮ್ಮಿ ಇದ್ದರೆ ಫೈಲ್ ಮಾಡಬೇಕು. ಒಂದು ತುದಿ ಮಾತ್ರ, ಹೊರಮುಖದಿಂದ ಒಳಗಿನ ಕಡೆಗೆ ಮಾತ್ರ ಉಜ್ಜಿ. ತಿರುಗಾ ಮುರುಗಾ ಉಜ್ಜಿದರೆ ಹೊರಮುಖದ ಲೇಪನ ಚಕ್ಕೆ ಏಳುತ್ತೆ. ನಾಲ್ಕು ಸಲ ಉಜ್ಜಿ, ಒಂದು ಸಲ ಅಳೆಯಿರಿ. ಕಡೆಗೆ ಅಂಚಿನ ಮುಳ್ಳನ್ನ ನಯವಾದ ಕಲ್ಲಿನಿಂದ ತೆಗೀರಿ. ಪುಣೆಯ ನಮ್ಮ ಸೊಸೈಟಿ ಪಾರ್ಕಿಂಗ್‌ನಲ್ಲಿ ಗ್ರೈಂಡರ್ ಹಿಡಿದರೆ ಸೆಕ್ರೆಟರಿ ಕಾಕಾ ಕೆಳಗಿಳಿದು ಬರ್ತಾರೆ. ಇದು ಸದ್ದಿಲ್ಲದ ಕೆಲಸ, ರಾತ್ರಿ ಊಟ ಆದಮೇಲೆ ಕೂತು ಮಾಡಬಹುದು. ಎಂಟು ರಿಂಗಿಗೆ ಎರಡು ಸಂಜೆ ಇಟ್ಕೊಳ್ಳಿ.

ಕೂರಿಸೋದು

ಪಿನ್ ಹಾಕಿ ಲಾಕ್ ಹಾಕುವಾಗ ಕನ್ನಡಕ ಇರಲಿ, ಲಾಕ್ ಯಾವಾಗಲೂ ಹೊಸದೇ ಇರಲಿ. ಆಯಿಲ್ ರಿಂಗಿನ ಅಲೆ ಅಲೆ ಇರೋ ಪಟ್ಟಿಯ ತುದಿಗಳು ಒಂದಕ್ಕೊಂದು ತಾಗಿ ನಿಲ್ಲಬೇಕು, ಒಂದರ ಮೇಲೊಂದು ಹತ್ತಬಾರದು. ಮೇಲಿನ ಎರಡು ರಿಂಗನ್ನ ಸುರುಳಿ ಸುತ್ತಿದ ಹಾಗೆ ಹಾಕಬೇಡಿ, ಸೊಟ್ಟಗಾಗುತ್ತೆ, ಎಕ್ಸ್‌ಪ್ಯಾಂಡರ್ ಬಳಸಿ. ಚುಕ್ಕೆ ಅಥವಾ ಅಕ್ಷರ ಇರೋ ಮುಖ ಮೇಲಕ್ಕೆ. ಗ್ಯಾಪ್‌ಗಳು ಒಂದೇ ಗೆರೆಯಲ್ಲಿ ಬರದ ಹಾಗೆ ದೂರ ದೂರ ತಿರುಗಿಸಿ.

ಕನೆಕ್ಟಿಂಗ್ ರಾಡ್ ಬೋಲ್ಟ್‌ಗಳಿಗೆ ರಬ್ಬರ್ ಪೈಪ್ ತುಂಡು ತೊಡಿಸಿ, ಇಲ್ಲದಿದ್ದರೆ ಕ್ರ್ಯಾಂಕ್‌ಗೆ ಗೀರು ಬೀಳುತ್ತೆ. ಪಿಸ್ಟನ್ ಮೇಲಿನ ಬಾಣದ ಗುರುತು ಟೈಮಿಂಗ್ ಬೆಲ್ಟ್ ಕಡೆಗೆ. ರಿಂಗ್ ಕಂಪ್ರೆಸರ್ ಬ್ಲಾಕ್‌ಗೆ ಒತ್ತಿ ಹಿಡಿದು, ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ತಡೆದ ಹಾಗೆ ಅನ್ನಿಸಿದ ಕೂಡಲೇ ನಿಲ್ಲಿಸಿ. ಒಂದು ರಿಂಗು ಹೊರಗೆ ಚಿಮ್ಮಿದೆ ಅಂತ ಅರ್ಥ; ಜೋರಾಗಿ ಹೊಡೆದರೆ ಅದು ಮುರಿಯುತ್ತೆ. ಒಂದೊಂದು ಪಿಸ್ಟನ್ ಆದಮೇಲೂ ಕ್ರ್ಯಾಂಕನ್ನ ಕೈಯಲ್ಲಿ ತಿರುಗಿಸಿ ನೋಡಿ.

ಸ್ಟಾರ್ಟ್ ಆದಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಬೇಡಿ. ರಿಂಗನ್ನ ಗೋಡೆಗೆ ಒತ್ತೋದು ಮುಖ್ಯವಾಗಿ ಅದರ ಹಿಂದೆ ಸೇರೋ ಗ್ಯಾಸಿನ ಒತ್ತಡ. ಲೋಡ್ ಇಲ್ಲದಿದ್ದರೆ ಆ ಒತ್ತಡ ಇಲ್ಲ, ಹೋನಿಂಗ್ ಗೆರೆ ಸುಮ್ಮನೆ ನುಣುಪಾಗಿ ಹೋಗುತ್ತೆ. ಕಮ್ಮಿ ಬೂಸ್ಟ್‌ನಲ್ಲಿ ಲೋಡ್ ಕೊಡಿ, ಆಕ್ಸಿಲರೇಟರ್ ಬಿಡಿ, ಮತ್ತೆ ಕೊಡಿ. ಮೊದಲ ಆಯಿಲ್ ಬೇಗ ಬದಲಾಯಿಸಿ.

ಒಂದು ಮಾತು ಮರೀಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸಿ ರಸ್ತೆಗೆ ತರೋ ಹಾಗಿಲ್ಲ. ಇದು ಟ್ರ್ಯಾಕ್‌ಗೆ ಕಟ್ಟೋ ಎಂಜಿನ್. ಚೆನ್ನೈನವರಿಗೆ ಇರುಂಗಾಟ್ಟುಕೋಟ್ಟೈ ಹತ್ತಿರ, ಬೆಂಗಳೂರಿಗೆ ಹೋಗಿ ಬರೋರಿಗೆ ಕೊಯಮತ್ತೂರಿನ ಕರಿ ಸ್ಪೀಡ್‌ವೇನೂ ಇದೆ. ಟ್ರೇಲರ್ ಮೇಲೆ ತಗೊಂಡು ಹೋಗಿ.

ಬೋರಿಂಗ್ ಅಂಗಡಿಯ ಅಣ್ಣ “ಇಷ್ಟು ಗ್ಯಾಪ್ ಇಟ್ರೆ ಹೊಗೆ ಬರುತ್ತೆ ಸಾರ್” ಅಂದರೆ ವಾದ ಮಾಡಬೇಡಿ, ಗಾಡಿ ಗಾಲಿಯ ಪಟ್ಟಿ ನೆನಪಿಸಿ. ಬಿಸಿಯಾದಾಗ ಆ ಗ್ಯಾಪ್ ತಾನಾಗೇ ಮುಚ್ಚಿಕೊಳ್ಳುತ್ತೆ. ಮುಂದಿನ ವಿಡಿಯೋದಲ್ಲಿ ಹೆಡ್ ಗ್ಯಾಸ್ಕೆಟ್ ಬಗ್ಗೆ ಮಾತಾಡೋಣ. ಸಿಗೋಣ.